‘ಸೊಂಟದ ಕೆಳಗೆ ಎಲ್ಲ ಮುಗಿಯಿತು’ ಎನ್ನುವವರಿಗೆ

ಬೆನ್ನುಹುರಿಗೆ ಪೆಟ್ಟಾದ ಗಂಡಸಿನ ಹಾಸಿಗೆಯ ಸುತ್ತ ಎಲ್ಲ ಮಾತೂ ನಡೆಯುತ್ತದೆ. ಮತ್ತೆ ನಡೆದಾಡುತ್ತಾನೆಯೇ, ಮೂತ್ರದ ಕೊಳವೆ (ಕ್ಯಾತಿಟರ್) ಯಾವಾಗ ತೆಗೆಯುತ್ತಾರೆ, ಬೆನ್ನು ಹುಣ್ಣಾಗದಿರಲು ಎಂಥ ಹಾಸಿಗೆ ಬೇಕು. ಇನ್ನು ಲೈಂಗಿಕ ಜೀವನ ಸಾಧ್ಯವೇ ಎಂದು ಅವನ ಮನಸ್ಸಿನಲ್ಲಿ ಕೊರೆಯುತ್ತಿರುವ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ತಾಯಿ ಔಷಧಿ ತರಲು ಹೊರಗೆ ಹೋದಾಗ, ದನಿ ತಗ್ಗಿಸಿ, ಫಿಸಿಯೋಥೆರಪಿ ಮಾಡುವವರನ್ನು ಅವನೇ ಕೇಳಬೇಕು. ಸಿಗುವ ಉತ್ತರ ಬಹುಪಾಲು ಒಂದೇ: ‘ಜೀವ ಉಳಿದದ್ದೇ ಹೆಚ್ಚು, ಈಗ ಅದೆಲ್ಲ ಯಾಕೆ?’

ಈ ಉತ್ತರ ಕೇಳಿದರೆ ನನಗೆ ಮೈ ಉರಿಯುತ್ತದೆ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಕೈಗಳು ಸರಿಯಿದ್ದು ಕಾಲುಗಳ ಬಲ ಹೋದವರು ಮರಳಿ ಬೇಕಾದವುಗಳ ಪಟ್ಟಿಯಲ್ಲಿ ಮೊದಲಿಗೆ ಇಟ್ಟಿದ್ದು ಲೈಂಗಿಕ ಸಾಮರ್ಥ್ಯವನ್ನು. ನಡಿಗೆ ಅದರ ನಂತರ.

ಅಷ್ಟಕ್ಕೂ ‘ಎಲ್ಲ ಮುಗಿಯಿತು’ ಎನ್ನುವುದೇ ತಪ್ಪು. ಶಿಶ್ನ ನಿಮಿರಲು ನರಗಳ ಎರಡು ದಾರಿಗಳಿವೆ. (ಬೆನ್ನುಹುರಿಯಿಂದ ಒಂದೊಂದು ಜೊತೆ ನರ ಹೊರಡುವ ತುಂಡಿಗೆ ಖಂಡ ಎನ್ನುತ್ತಾರೆ.) ಕಂಡದ್ದು, ಕೇಳಿದ್ದು, ನೆನೆದದ್ದು ಮಿದುಳಿನಿಂದ ಇಳಿದು ಬೆನ್ನುಹುರಿಯ ಎದೆಭಾಗದ 11ನೇ ಖಂಡದಿಂದ ಸೊಂಟಭಾಗದ 2ನೇ ಖಂಡದವರೆಗಿನ ನರಗಳ ಮೂಲಕ ಹೊರಡುವುದು ಒಂದು. ಇನ್ನೊಂದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ: ಮುಟ್ಟಿದ ಸಂವೇದನೆ ಬೆನ್ನುಹುರಿಯ ತುದಿಯ ತ್ರಿಕ ಭಾಗದ 2ರಿಂದ 4ನೇ ಖಂಡಗಳನ್ನು ತಲುಪಿ, ಅಲ್ಲಿಂದಲೇ ತಿರುಗಿ ಬರುತ್ತದೆ. ಕುತ್ತಿಗೆಯಲ್ಲೋ ಎದೆಯ ಮೇಲ್ಭಾಗದಲ್ಲೋ ಪೆಟ್ಟಾದವನಿಗೆ ಮೊದಲನೆಯದು ಕಡಿದರೂ, ಪೆಟ್ಟಿನ ಕೆಳಗಿನ ಬೆನ್ನುಹುರಿ ಸ್ತಬ್ಧವಾಗಿರುವ ಆರಂಭದ ಆಘಾತದ ವಾರಗಳು ಕಳೆದ ಮೇಲೆ ಎರಡನೆಯದು ಸಾಮಾನ್ಯವಾಗಿ ಮರಳುತ್ತದೆ. ಕ್ಯಾತಿಟರ್ ಬದಲಿಸುವಾಗ ತಾನಾಗಿ ನಿಮಿರಿತೆಂದು ಅವನು ನಾಚಿ ಸಾಯಬೇಕಿಲ್ಲ. ಅದು ಬರೀ ಪ್ರತಿವರ್ತನೆ, ಮನಸ್ಸಿನ ಹತೋಟಿಯಿಲ್ಲದೆ ದೇಹ ತಾನಾಗಿ ತೋರುವ ಪ್ರತಿಕ್ರಿಯೆ. ಪೆಟ್ಟು ಬೆನ್ನುಹುರಿಯ ತುದಿಗೇ ಬಿದ್ದಿದ್ದರೆ ಇದು ತಿರುವುಮುರುವು: ಮುಟ್ಟಿದರೆ ನಿಮಿರುವುದಿಲ್ಲ, ಮನಸ್ಸಿನ ದಾರಿ ಅಲ್ಪಸ್ವಲ್ಪ ಉಳಿದಿರಬಹುದು.

ಎಕ್ಸ್‌ರೇ ನೋಡಿ ಊಹಿಸುವವರು ಇಲ್ಲೇ ಎಡವುತ್ತಾರೆ. ಬೆನ್ನುಹುರಿ ಬೆನ್ನುಮೂಳೆಯಷ್ಟು ಉದ್ದವಿಲ್ಲ, ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಹಾಗಾಗಿ ಸೊಂಟದ ಮೊದಲ ಮೂಳೆ ಮುರಿದರೆ ಪೆಟ್ಟು ಬೀಳುವುದು ತ್ರಿಕ ಖಂಡಗಳಿಗೆ. ಏನು ಉಳಿದಿದೆಯೆಂದು ತಿಳಿಯಲು ವೈದ್ಯರು ತೊಡೆಸಂದಿಯಲ್ಲಿ, ಗುದದ ಸುತ್ತ ಪಿನ್ನಿನ ಮೊನೆ ತಾಗಿಸಿ ಕೇಳಬೇಕು, ಬೆರಳಿನಿಂದ ಸ್ನಾಯುವಿನ ಹಿಡಿತ ನೋಡಬೇಕು. ಮುಜುಗರದ ಪರೀಕ್ಷೆ ಹೌದು, ಆದರೆ ಅದನ್ನು ಬಿಟ್ಟು ಭವಿಷ್ಯ ಹೇಳಿದರೆ ಅದು ಕಣಿ.

ಉಪಾಯಗಳೂ ಈ ದಾರಿಗಳನ್ನೇ ಅವಲಂಬಿಸಿವೆ. 1998ರಲ್ಲಿ ಬಂದ, ನಿಮಿರಲು ನೆರವಾಗುವ ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆ ಕೆಲಸ ಮಾಡಲು ನರತುದಿಗಳು ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಬೇಕು, ಅಂದರೆ ಒಂದು ದಾರಿಯಾದರೂ ಉಳಿದಿರಬೇಕು. ಶಿಶ್ನಕ್ಕೇ ಕೊಡುವ ಚುಚ್ಚುಮದ್ದು ನೇರವಾಗಿ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ನರ ಕೈಕೊಟ್ಟಲ್ಲೂ ಫಲ ಕೊಡುತ್ತದೆ. ಹೃದಯಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ಮುಟ್ಟಲೇಬಾರದು.

ಸ್ಖಲನ ಇದಕ್ಕಿಂತ ಕಷ್ಟ. ಅದಕ್ಕೆ ಮೇಲೆ ಹೇಳಿದ ಎರಡೂ ಗುಂಪಿನ ನರಗಳು ತಾಳ ತಪ್ಪದೆ ದುಡಿಯಬೇಕು. ಮೂತ್ರಕೋಶದ ಬಾಯಿ ಮುಚ್ಚದಿದ್ದರೆ ವೀರ್ಯ ಹಿಂದಕ್ಕೆ ಹರಿಯುತ್ತದೆ. ಆದರೂ ತಂದೆಯಾಗುವ ಆಸೆ ಬಿಡಬೇಕಿಲ್ಲ. ಬೆನ್ನುಹುರಿಯ ತುದಿಯ ಪ್ರತಿವರ್ತನೆ ಉಳಿದಿದ್ದರೆ ಕಂಪನ ಸಾಧನದಿಂದ, ಇಲ್ಲವಾದರೆ ಆಸ್ಪತ್ರೆಯಲ್ಲಿ ವಿದ್ಯುತ್ ಪ್ರಚೋದನೆಯಿಂದ ವೀರ್ಯ ಪಡೆಯಬಹುದು. ವೀರ್ಯಾಣುಗಳ ಚಲನೆ ಸಾಮಾನ್ಯವಾಗಿ ಮಂದವಾಗಿರುತ್ತದೆ. ಅದಕ್ಕೆ ಕೃತಕ ಗರ್ಭಧಾರಣೆಯ ವಿಧಾನಗಳಿವೆ. ಎದೆಭಾಗದ 6ನೇ ಖಂಡದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರು ಮಾತ್ರ ಕಂಪನ ಸಾಧನವನ್ನು ಮೊದಲ ಸಲ ವೈದ್ಯರ ಎದುರಲ್ಲೇ ಬಳಸಿ ನೋಡಬೇಕು. ತಲೆ ಸಿಡಿಯತೊಡಗಿ, ಮುಖ ಕೆಂಪೇರಿ, ಬೆವರಿದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರುತ್ತಿದೆ ಎಂದೇ ಅರ್ಥ. ಕೂಡಲೇ ನಿಲ್ಲಿಸಿ ಎದ್ದು ಕುಳಿತುಕೊಳ್ಳಬೇಕು.

ಇಷ್ಟೆಲ್ಲ ಹೇಳುವಾಗ ಹೆಂಡತಿಯನ್ನು ಬಾಗಿಲಾಚೆ ನಿಲ್ಲಿಸುವುದೂ ನನಗೆ ಒಪ್ಪಿಗೆಯಿಲ್ಲ. ಹಗಲೆಲ್ಲ ಮಲಮೂತ್ರದ ಆರೈಕೆ ಮಾಡಿದವಳೇ ರಾತ್ರಿ ಸಂಗಾತಿಯೂ ಆಗಬೇಕೆಂದರೆ ಅವಳಿಗೂ ಕೇಳುವುದು ಬಹಳ ಇರುತ್ತದೆ. ಸಾಧ್ಯವಾದರೆ ಆರೈಕೆಯ ಕೆಲಸಕ್ಕೆ ಇನ್ನೊಬ್ಬರನ್ನು ಗೊತ್ತುಮಾಡಿ, ಅವಳನ್ನು ಸಮಾಲೋಚನೆಗೆ ಕರೆಯಿರಿ.