ಹೊಂಡಕ್ಕೊಬ್ಬ ಹವಾಲ್ದಾರ

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಮಳೆಗಾಲ ಬಂತು ಅಂತ ಗೊತ್ತಾಗುವುದು ಎರಡು ಫೋಟೋಗಳಿಂದ. ಒಂದು ಜೋಗದ್ದು. ಇನ್ನೊಂದು ಹೆದ್ದಾರಿಯ ಹೊಂಡಕ್ಕೆ ಕಲ್ಲು ತುಂಬುವ ಪೊಲೀಸರದ್ದು. ಎರಡನೆಯದರ ಕೆಳಗೆ ‘ಮಾನವೀಯತೆ ಮೆರೆದ ಪೊಲೀಸರು’ ಅಂತ ಇರಲೇಬೇಕು. ಈ ಸಲದ್ದೂ ಬಂದಾಗಿದೆ, ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರುತ್ತದೆ. ನಾನೂ ಕೈ ಮುಗಿಯುವ ಚಿತ್ರ ಅಂಟಿಸಿ ಸಿಕ್ಕ ಗ್ರೂಪಿಗೆಲ್ಲ ಕಳಿಸಿದೆ.

ಹೊಗಳದೆ ಇರುವುದು ಹೇಗೆ ಹೇಳಿ? ಬೇರೆ ಊರಿನ ಪೊಲೀಸರು ಕಳ್ಳರನ್ನು ಹಿಡಿಯುತ್ತ ಆಯುಷ್ಯ ಹಾಳು ಮಾಡಿಕೊಳ್ಳುತ್ತಾರೆ. ನಮ್ಮವರು ಬಿದ್ದ ಮರ ಎಳೆಯುತ್ತಾರೆ, ಪಂಚರ್ ಆದ ಕಾರಿಗೆ ಜಾಕ್ ಕೊಡುತ್ತಾರೆ, ಚತುಷ್ಪಥದ ಬೆಚ್ಚಗಿನ ಡಾಂಬರಿನ ಮೇಲೆ ಮಲಗಿದ ದನಗಳನ್ನು ಎಬ್ಬಿಸಿ ಮನೆಗೆ ಹೋಗಿ ಅನ್ನುತ್ತಾರೆ. ಒಂದೇ ಸಂಬಳಕ್ಕೆ ಗ್ಯಾಂಗ್‌ಮನ್, ಮೆಕ್ಯಾನಿಕ್, ದನ ಕಾಯುವವ, ಮೂರೂ ಜನ ಸಿಕ್ಕರು. ಸರ್ಕಾರಕ್ಕೆ ಎಷ್ಟು ಉಳಿತಾಯ!

ಕಳೆದ ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಇಂಥ ಒಬ್ಬ ಹೆಡ್ ಕಾನ್‌ಸ್ಟೆಬಲ್‌ರನ್ನು ಹತ್ತಿರದಿಂದ ನೋಡಿದೆ. ಟೋಪಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದ್ದರು. ಪ್ಯಾಂಟು ಮೊಣಕಾಲಿನ ತನಕ ಮಡಚಿತ್ತು, ಕಾಲಿಗೆ ಹತ್ತಿದ ಉಂಬಳ ಇಳಿಯುವ ಆಲೋಚನೆಯಲ್ಲಿ ಇರಲಿಲ್ಲ. ಜಾಕೆಟ್ಟಿನ ರೇಡಿಯಂ ಪಟ್ಟಿ ಅರ್ಧ ಕಿತ್ತು ನೇತಾಡುತ್ತಿತ್ತು. ತಿರುವಿನಲ್ಲಿ ಅಡ್ಡ ನಿಂತ ಟಿಪ್ಪರಿನ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಅದನ್ನು ಲಾಠಿಯಿಂದ ಒತ್ತಿ ಒತ್ತಿ ಕೂರಿಸುತ್ತಿದ್ದರು. ಬಾಯಲ್ಲಿ ಸೀಟಿ. ಕುಮಟೆ ಕಡೆಯವರಿಗೆ ಒಂದು ಊದು, ಶಿರಸಿ ಕಡೆಯವರಿಗೆ ಎರಡು.

‘ಕ್ರೇನ್ ಬಂತಾ ಸಾಹೇಬ್ರೇ?’ ಅಂದೆ.

ಸೀಟಿ ತೆಗೆದರು. ‘ಹೊರಟಿದೆ ಮಾರಾಯ್ರೇ. ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದೆ.’

ಯಾವ ಟ್ರಾಫಿಕ್ ಅಂತೀರಾ? ಇದೇ ಟಿಪ್ಪರಿನಿಂದ ಆದದ್ದು.

ಗಾಡಿ ಕೆಟ್ಟರೆ 112ಕ್ಕೆ ಫೋನ್ ಮಾಡಿ ಅನ್ನುತ್ತಾರೆ. ಒಳ್ಳೆಯ ನಂಬರು, ನೆನಪಿಡುವುದು ಸುಲಭ. ಆದರೆ ನಮ್ಮ ಘಟ್ಟಗಳಲ್ಲಿ ನೆಟ್‌ವರ್ಕ್ ಬೇಕು ಅಂದರೆ ಕೆಳಗೆ ಇಳಿಯಬೇಕು. ಇಳಿಯಬೇಕು ಅಂದರೆ ಗಾಡಿ ಸರಿ ಇರಬೇಕು. ಗಾಡಿ ಸರಿ ಇದ್ದರೆ 112 ಯಾಕೆ ಬೇಕು? ಫೋನ್ ಹೇಗೋ ಹತ್ತಿತು ಅಂತಲೇ ಇಟ್ಟುಕೊಳ್ಳಿ. ಆಚೆಯವರು ಕಿಲೋಮೀಟರ್ ಕಲ್ಲಿನ ನಂಬರ್ ಕೇಳುತ್ತಾರೆ. ಆ ಕಲ್ಲು ಹೋದ ವರ್ಷದ ಧರೆ ಕುಸಿತದ ಮಣ್ಣಿನ ಅಡಿ ಇರುತ್ತದೆ.

ಹಾಗಾಗಿ ನಮ್ಮ ಲಾರಿ ಡ್ರೈವರುಗಳು ಫೋನಿನ ಗೊಡವೆಗೇ ಹೋಗುವುದಿಲ್ಲ. ಗಾಡಿ ನಿಂತ ಕೂಡಲೇ ಇಳಿದು ಸೊಪ್ಪು ಕಡಿಯುತ್ತಾರೆ. ಎಚ್ಚರಿಕೆಯ ಕೆಂಪು ತ್ರಿಕೋನ ಕ್ಯಾಬಿನ್ನಿನ ಸೀಟಿನ ಹಿಂದೆ ಕವರ್ ಸಮೇತ ಭದ್ರವಾಗಿ ಇರುತ್ತದೆ, ಅದು ಆರ್‌ಟಿಒ ತಪಾಸಣೆಗೆ ಮಾತ್ರ. ರಸ್ತೆಗೆ ಹಸಿರು ಸೊಪ್ಪು. ಅರಬೈಲು ಘಟ್ಟದಲ್ಲಿ ವರ್ಷಗಟ್ಟಲೆ ಓಡಾಡಿದವರು ಸೊಪ್ಪು ನೋಡಿಯೇ ಜಾತಕ ಹೇಳುತ್ತಾರೆ. ಸೊಪ್ಪು ತಾಜಾ ಇದ್ದರೆ ಪಂಚರ್, ಸ್ಟೆಪ್ನಿ ಹಾಕಿ ಹೊರಡುತ್ತಾನೆ. ಬಾಡಿದ್ದರೆ ಆಕ್ಸಲ್ ತುಂಡು, ಹುಬ್ಬಳ್ಳಿಯಿಂದ ಸಾಮಾನು ಬರಬೇಕು. ಒಣಗಿದ ಸೊಪ್ಪಿನ ಪಕ್ಕ ಅನ್ನ ಬೇಯುತ್ತಿದ್ದರೆ ಮಾಲೀಕ ಫೋನ್ ಎತ್ತುತ್ತಿಲ್ಲ ಅಂತ ಅರ್ಥ. ಕಡೆಗೆ ಲಾರಿ ಹೋಗುತ್ತದೆ, ಚಕ್ರಕ್ಕೆ ಕೊಟ್ಟ ಕಲ್ಲು ಅಲ್ಲೇ ಉಳಿಯುತ್ತದೆ. ರಾತ್ರಿ ಬೈಕಿನವ ಅದಕ್ಕೆ ಹಾರಿ ಬೀಳುತ್ತಾನೆ. ಬೆಳಿಗ್ಗೆ ಪೊಲೀಸರು ಬಂದು ಆ ಕಲ್ಲು ಎತ್ತಿ ಪಕ್ಕದ ಹೊಂಡಕ್ಕೆ ಹಾಕುತ್ತಾರೆ. ಮಾನವೀಯತೆ ಮೆರೆಯುತ್ತಾರೆ. ಯಾವುದೂ ದಂಡ ಆಗುವುದಿಲ್ಲ ನೋಡಿ.

ಇನ್ನು ಬ್ಯಾರಿಕೇಡ್. ‘ನಿಧಾನವಾಗಿ ಚಲಿಸಿ’ ಅಂತ ಸಣ್ಣ ಅಕ್ಷರದಲ್ಲಿ, ಅದರ ಕೆಳಗೆ ಬಂಗಾರದ ಅಂಗಡಿಯ ಹೆಸರು ದೊಡ್ಡ ಅಕ್ಷರದಲ್ಲಿ. ಓದಬೇಕು ಅಂದರೆ ಎಂಥವನೂ ನಿಧಾನ ಮಾಡಲೇಬೇಕು, ಆ ಮಟ್ಟಿಗೆ ಉದ್ದೇಶ ಸಫಲ. ಅದನ್ನು ಇಡುವುದು ಸರಿಯಾಗಿ ತಿರುವು ಮುಗಿದ ಕೂಡಲೇ, ದೀಪ ಇಲ್ಲದ ಕಡೆ. ಮಳೆ ಜೋರಾಗಿದ್ದಾಗ ವೈಪರ್ ಒಂದು ಸಲ ಆ ಕಡೆ ಹೋಗುವಾಗ ರಸ್ತೆ ಕಾಣುತ್ತದೆ, ಈ ಕಡೆ ಬರುವಾಗ ಬಂಗಾರದ ಅಂಗಡಿ. ಲಾರಿ ಗುದ್ದಿ ಒಂದು ಬ್ಯಾರಿಕೇಡ್ ಮುರಿಯಿತು ಅನ್ನಿ, ಮುರಿದದ್ದಕ್ಕೆ ಯಾರೂ ಗುದ್ದಬಾರದು ಅಂತ ಅದರ ಮುಂದೆ ಇನ್ನೊಂದು ಇಡುತ್ತಾರೆ. ಅಂಕೋಲೆಯ ನನ್ನ ಭಾವ ಹೇಳುವುದು, ಹೆದ್ದಾರಿಯಲ್ಲಿ ಸರಿಯಾಗಿ ಬೆಳೆದದ್ದು ಅಂತಿದ್ದರೆ ಬ್ಯಾರಿಕೇಡ್ ಒಂದೇ.

ಹೆದ್ದಾರಿ ಬೆಳೆಯಲಿಲ್ಲ ಅಂತಲ್ಲ. ಗೋವಾ ಗಡಿಯಿಂದ ಕುಂದಾಪುರದ ತನಕ ಸುಮಾರು 187 ಕಿಲೋಮೀಟರ್. ಹತ್ತು ವರ್ಷಕ್ಕೂ ಜಾಸ್ತಿಯಿಂದ ಕೆಲಸ ನಡೆದೇ ಇದೆ. ಟೋಲ್ ಗೇಟು ಮಾತ್ರ ರಸ್ತೆಗಿಂತ ಮುಂಚೆಯೇ ತಯಾರಾಯಿತು. ಹಟ್ಟಿಕೇರಿ, ಹೊಳೆಗದ್ದೆ, ಎರಡೂ ಕಡೆ ಫಾಸ್ಟ್ಯಾಗ್ ಕಣ್ಣು ಮುಚ್ಚಿ ತೆರೆಯುವುದರೊಳಗೆ ದುಡ್ಡು ಎಳೆಯುತ್ತದೆ. ಅಲ್ಲಿ ಯಂತ್ರ ಕೆಟ್ಟು ನಿಂತರೆ ಸೊಪ್ಪು ಕಡಿಯುತ್ತ ಕೂರುವುದಿಲ್ಲ, ತಕ್ಷಣ ಜನ ಓಡಿ ಬರುತ್ತಾರೆ. ಹಾಗಾದರೆ ಓಡಿ ಬರುವ ಜನ ಇದ್ದಾರೆ ಅಂತಾಯ್ತಲ್ಲ?

2024ರ ಜುಲೈ 16. ಅಂಕೋಲೆ ಹತ್ತಿರದ ಶಿರೂರು. ನಿಮಗೆ ನಾನು ಕಥೆ ಹೇಳಬೇಕಾಗಿಲ್ಲ. ಹೆದ್ದಾರಿಗೆ ಅಂತ ಗುಡ್ಡವನ್ನು ನೆಟ್ಟಗೆ ಕೊಯ್ದು ಹಾಗೇ ಬಿಟ್ಟಿದ್ದರು. ಗುಡ್ಡ ಚಹಾ ಅಂಗಡಿಯನ್ನೂ, ಚಹಾ ಕುಡಿಯಲು ನಿಂತವರನ್ನೂ, ಗಾಡಿಗಳನ್ನೂ ಗಂಗಾವಳಿ ಹೊಳೆಗೆ ತಳ್ಳಿತು. 11 ಜೀವ. ಅದರಲ್ಲಿ ಕೇರಳದ ಒಂದು ಲಾರಿ ನೀರಿನಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅದರ ನಡುವೆ, ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಲಾರಿ ಸಮೇತ ಬಿತ್ತು. ಡ್ರೈವರ್ ಕ್ಯಾಬಿನ್ ಮೇಲೆ ಹತ್ತಿ ಕೂತಿದ್ದ. ಮೀನುಗಾರರೂ ಪೊಲೀಸರೂ ಸೇರಿ ಅವನನ್ನು ಎಳೆದು ತಂದರು, ಎರಡೂ ಕಡೆ ಗಾಡಿ ತಡೆದರು. ತಡೆಯದೆ ಇದ್ದಿದ್ದರೆ ಆ ಕತ್ತಲಲ್ಲಿ ಇನ್ನೆಷ್ಟು ಗಾಡಿ ಹೊಳೆಗೆ ಬೀಳುತ್ತಿತ್ತೋ. ಇದು ತಮಾಷೆಯಲ್ಲ. ಇದಕ್ಕೆ ನಿಜವಾಗಿಯೂ ಕೈ ಮುಗಿಯುತ್ತೇನೆ.

ಆದರೆ ಸೇತುವೆ ಬಿದ್ದ ಮೇಲೆ ಪೊಲೀಸ್, ಗುಡ್ಡ ಜರಿದ ಮೇಲೆ ಪೊಲೀಸ್, ಹೊಂಡ ಬಿದ್ದ ಮೇಲೂ ಪೊಲೀಸ್. ಬೀಳುವ ಮೊದಲು ನೋಡಬೇಕಾದವ ಎಲ್ಲಿದ್ದಾನೆ? ಮಳೆಗೆ ಮುಂಚೆ ಚರಂಡಿ ಬಿಡಿಸಲಿಲ್ಲ, ಕೊಯ್ದ ಧರೆಗೆ ಗೋಡೆ ಕಟ್ಟಲಿಲ್ಲ, ತಿರುವಿಗೊಂದು ದೀಪ ಹಾಕಲಿಲ್ಲ. ಅವನ ಫೋಟೋ ಯಾವ ಪೇಪರಿನಲ್ಲೂ ಬರುವುದಿಲ್ಲ. ಐವತ್ತು ದಾಟಿದ ಹವಾಲ್ದಾರ ಬೆನ್ನು ಬಗ್ಗಿಸಿ ಅವನ ಕಲ್ಲು ಹೊರುತ್ತಾನೆ, ನಾವು ಚಪ್ಪಾಳೆ ತಟ್ಟುತ್ತೇವೆ. ಚಪ್ಪಾಳೆ ಕೇಳಿಸಿಕೊಂಡು ಆ ನೋಡಬೇಕಾದವ ಆರಾಮಾಗಿ ಮಲಗುತ್ತಾನೆ. ಸಾಕಾಗಿ ಹೋಗಿದೆ.

ಕಾನೂನು ಇಲ್ಲ ಅಂತೇನಲ್ಲ. ಕೆಟ್ಟ ಗಾಡಿ ರಸ್ತೆಗೆ ಅಡ್ಡ ನಿಂತರೆ ನಿಮಗೆ 500 ರೂಪಾಯಿ ತನಕ ದಂಡ ಹಾಕಬಹುದು, ಗಾಡಿ ಕೆಟ್ಟದ್ದು ಅದೇ ರಸ್ತೆಯ ಹೊಂಡದಲ್ಲಾದರೂ. ಹೊಂಡದ ಯಜಮಾನನಿಗೂ ಒಂದು ಕಲಂ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅಂತ ಸೇರಿಸಿದರು. ರಸ್ತೆಯ ವಿನ್ಯಾಸ, ಕೆಲಸ, ನಿರ್ವಹಣೆಯಲ್ಲಿ ನಿಯಮ ಪಾಲಿಸದೆ ಜನ ಸತ್ತರೆ ಅಥವಾ ಕೈಕಾಲು ಕಳೆದುಕೊಂಡರೆ, ರಸ್ತೆಯ ಹೊಣೆ ಹೊತ್ತವರಿಗೆ, ಗುತ್ತಿಗೆದಾರನನ್ನೂ ಸೇರಿಸಿ, 1 ಲಕ್ಷ ರೂಪಾಯಿ ತನಕ ದಂಡ. ತನಕ! ಒಳ್ಳೆಯ ಸೆಕೆಂಡ್ ಹ್ಯಾಂಡ್ ಬುಲೆಟ್ಟೂ ಆ ದುಡ್ಡಿಗೆ ಈಗ ಕಷ್ಟ. ಆದರೂ ಇರಲಿ, ಅದನ್ನಾದರೂ ಒಂದು ಸಲ ಹಾಕಿ ನೋಡಬಹುದಲ್ವಾ?

ಪರಿಚಯದ ಎಎಸ್‌ಐ ಒಬ್ಬರು ಮೊನ್ನೆ ಗೋಕರ್ಣ ಕ್ರಾಸಿನಲ್ಲಿ ಸಿಕ್ಕಾಗ ಈ 198ಎ ಬಗ್ಗೆ ಕೇಳಿದೆ. ಎಂದಾದರೂ ಹಾಕಿದ್ದೀರಾ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಅದೆಲ್ಲ ಮೇಲಿನವರದ್ದು ಮಾರಾಯ್ರೇ. ನೀವು ಮೊದಲು ಸೀಟ್ ಬೆಲ್ಟ್ ಹಾಕ್ಕೊಳ್ಳಿ.’