ಶನಿವಾರ ಸಂಜೆಯ ಹಸಿರು ಪೇಪರು

ಗಂಡಸು ಗಂಡಸಿಗೇ ‘ಲವ್’ ಅನ್ನುವ ಊರು ಇಂಗ್ಲೆಂಡಿನ ಶೆಫೀಲ್ಡ್. 1993ರಲ್ಲಿ ಓದಲು ಹೋದ ಹೊಸತರಲ್ಲಿ, ಮೂಲೆ ಅಂಗಡಿಯಲ್ಲಿ ಆರಡಿ ಎತ್ತರದ ಆಸಾಮಿಯೊಬ್ಬ ‘ಥ್ಯಾಂಕ್ಸ್ ಲವ್’ ಅಂದಾಗ ನಾನು ಬೆವೆತುಹೋಗಿದ್ದೆ. ಅದೇ ಅಂಗಡಿಯ ಮುಂದೆ ಶನಿವಾರ ಸಂಜೆ ಕ್ಯೂ ನಿಲ್ಲುತ್ತಿತ್ತು. ಹಾಲಿಗಲ್ಲ, ಬ್ರೆಡ್ಡಿಗಲ್ಲ, ಪೇಪರಿಗೆ. ‘ಗ್ರೀನ್ ಅನ್’ ಅಂತ ಅದರ ಹೆಸರು. ನಮ್ಮ ಕಡೆ ‘ಆ ಹಸ್ರುದು ಕೊಡಿ’ ಅಂತೀವಲ್ಲ, ಅಷ್ಟೇ ಅರ್ಥ.

ಶನಿವಾರದ ಫುಟ್‌ಬಾಲ್ ಮ್ಯಾಚ್ ಶುರುವಾಗುತ್ತಿದ್ದದ್ದು ಮಧ್ಯಾಹ್ನ 3ಕ್ಕೆ, ಮುಗಿಯುವಾಗ 4:40. ಕತ್ತಲಾಗುವಷ್ಟರಲ್ಲಿ ವರದಿ, ಫಲಿತಾಂಶ, ಲೀಗ್ ಪಟ್ಟಿ ಎಲ್ಲಾ ಅಚ್ಚಾಗಿ ಅಂಗಡಿಯಲ್ಲಿ! ಹೇಗೆ ಅಂದರೆ, ಮೈದಾನದಲ್ಲಿ ಕೂತ ವರದಿಗಾರ ಆಟ ನಡೆಯುತ್ತಿರುವಾಗಲೇ ಫೋನಿನಲ್ಲಿ ಒಂದೊಂದೇ ಪ್ಯಾರಾ ಹೇಳುತ್ತಾ ಹೋಗುತ್ತಿದ್ದ, ಆಫೀಸಿನಲ್ಲಿ ಇನ್ನೊಬ್ಬರು ಟೈಪ್ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ವರದಿಯ ಆಕಾರವೇ ವಿಚಿತ್ರ. ಮೊದಲ ಹತ್ತು ನಿಮಿಷದ ಪುಟ್ಟ ಪಾಸೂ ಪುರಾಣದಷ್ಟು ಉದ್ದ, ಸೆಕೆಂಡ್ ಹಾಫ್ ಬರುಬರುತ್ತಾ ಸೊರಗಿ, ಕೊನೆಗೆ ಟೆಲಿಗ್ರಾಂ. ಅಂತ್ಯ ಗೊತ್ತಿದ್ದದ್ದು ಹೆಡ್‌ಲೈನಿಗೆ ಮಾತ್ರ. ಕೆಳಗಿನ ವರದಿ ಇನ್ನೂ ಆಸೆ ಇಟ್ಟುಕೊಂಡು ಆಡುತ್ತಿರುತ್ತಿತ್ತು.

ಕ್ಯೂನಲ್ಲಿದ್ದವರೆಲ್ಲ ಫುಟ್‌ಬಾಲ್ ಹುಚ್ಚರೇನಲ್ಲ. ಅರ್ಧ ಜನ ‘ಪೂಲ್ಸ್’ ಚೀಟಿ ಕಟ್ಟಿದವರು. ಯಾವ್ಯಾವ ಮ್ಯಾಚ್ ಡ್ರಾ ಆಗುತ್ತೆ ಅಂತ ಊಹಿಸಿ ದುಡ್ಡು ಕಟ್ಟುವ ಆಟ ಅದು. ಅಲ್ಲಿನ ಸರ್ಕಾರಿ ಲಾಟರಿ ಬಂದದ್ದೇ 1994ರ ನವೆಂಬರಿನಲ್ಲಿ. ಅಲ್ಲೀತನಕ ಬಡವರ ಕೋಟ್ಯಧೀಶ ಕನಸು ಇದೇ. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಲಾಟರಿ ರಿಸಲ್ಟಿನ ಹಾಳೆ ಹಿಡಿದು, ಬೆರಳಿಟ್ಟು ನಂಬರ್ ಹುಡುಕುತ್ತಿದ್ದವರ ಮುಖಗಳನ್ನೇ ಅಲ್ಲೂ ಕಂಡೆ. ಬಣ್ಣ ಬೇರೆ, ಅಷ್ಟೇ.

ಇಂಥ ಪೇಪರುಗಳು ಊರೂರಿಗೂ ಇದ್ದವು. ಬರ್ಮಿಂಗ್‌ಹ್ಯಾಮಿನ ‘ಸ್ಪೋರ್ಟ್ಸ್ ಆರ್ಗಸ್’ 1897ರಲ್ಲಿ ಹುಟ್ಟಿ 2006ರಲ್ಲಿ ನಿಂತಿತು. ನಮ್ಮ ಹಸಿರಿನದು 1907ರಿಂದ 2013. ಇಂಟರ್‌ನೆಟ್ ಕೊಂದಿತು ಅಂತ ಎಲ್ಲರೂ ಹೇಳ್ತಾರೆ. ನಾನು ಒಪ್ಪಲ್ಲ. ಮೊದಲ ಏಟು ಕೊಟ್ಟದ್ದು ಟಿವಿ. 1992ರಲ್ಲಿ ಅಲ್ಲಿನ ಮೇಲಿನ ಫುಟ್‌ಬಾಲ್ ಲೀಗ್ ಆದ ಪ್ರೀಮಿಯರ್ ಲೀಗ್ ಶುರುವಾಗಿ ಸ್ಯಾಟಲೈಟ್ ಚಾನೆಲ್ ದುಡ್ಡು ಸುರಿದ ಮೇಲೆ ದೊಡ್ಡ ಮ್ಯಾಚ್‌ಗಳು ಭಾನುವಾರಕ್ಕೆ, ಸೋಮವಾರ ರಾತ್ರಿಗೆ ಜಾರಿದವು. ಊರಿನ ಟೀಮು ಶನಿವಾರ ಆಡದಿದ್ದರೆ ಶನಿವಾರದ ಪೇಪರು ಯಾಕೆ ಬೇಕು? ಮೊಬೈಲು ಬಂದದ್ದು ಹೆಣ ಹೊರೋಕೆ. ತಮಾಷೆ ನೋಡಿ, ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಅಲ್ಲಿ ಟಿವಿಯಲ್ಲಿ ಲೈವ್ ಫುಟ್‌ಬಾಲ್ ತೋರಿಸಬಾರದೆಂಬ ನಿಯಮ ಇವತ್ತಿಗೂ ಇದೆ. ಜನ ಮೈದಾನಕ್ಕೆ ಬರಲಿ ಅಂತ. ಆ ಹೊತ್ತನ್ನು ಕಾಯುವ ನಿಯಮ ಉಳಿಯಿತು, ಅದನ್ನು ನಂಬಿಕೊಂಡಿದ್ದ ಪೇಪರು ಉಳಿಯಲಿಲ್ಲ.

ನನ್ನ ಮನೆ ಓನರು ಸ್ಟೀಲ್ ಕಾರ್ಖಾನೆಯಿಂದ ರಿಟೈರ್ ಆಗಿದ್ದ ಮುದುಕ. ಊರಿನ ಶೆಫೀಲ್ಡ್ ಯುನೈಟೆಡ್ ಟೀಮಿನ ಕಟ್ಟಾ ಅಭಿಮಾನಿ. ಮಂಡಿನೋವು, ಹಾಗಾಗಿ ಪೇಪರು ತರುವ ಕೆಲಸ ನನ್ನದು. 1994ರ ಮೇ 7, ಸೀಸನ್ನಿನ ಕೊನೆಯ ಶನಿವಾರ. ಲಂಡನ್ನಿನಲ್ಲಿ ಚೆಲ್ಸಿ ವಿರುದ್ಧ ಮ್ಯಾಚ್. ಡ್ರಾ ಆಗಿದ್ದರೂ ಯುನೈಟೆಡ್ ಮೇಲಿನ ಲೀಗಿನಲ್ಲಿ ಉಳಿಯುತ್ತಿತ್ತು. ಎರಡು ಸಲ ಮುಂದಿದ್ದವರು, ಕೊನೆಯ ಗಳಿಗೆಯಲ್ಲಿ ಬಿದ್ದ ಗೋಲಿಗೆ 3-2 ಸೋತು ಕೆಳಗಿನ ಲೀಗಿಗೆ ಇಳಿದರು. ಅಡುಗೆಮನೆಯ ರೇಡಿಯೋದಲ್ಲಿ ಇಬ್ಬರೂ ಕೇಳಿದೆವು. ಅವರು ರೇಡಿಯೋ ಆಫ್ ಮಾಡಿ, ಚಿಲ್ಲರೆ ಎಣಿಸಿ ನನ್ನ ಕೈಗಿಟ್ಟರು. ‘ಇವತ್ತೂ ಬೇಕಾ?’ ಅಂದೆ. ‘ಹೋಗಿ ಬಾ’ ಅಂದರು.

ಆವತ್ತಿನ ಕ್ಯೂನಲ್ಲಿ ಯಾರೂ ಮಾತಾಡಲಿಲ್ಲ. ಆ ಊರಿನ ಇನ್ನೊಂದು ಟೀಮು ವೆನ್ಸ್‌ಡೇ. ಅವರ ಕಡೆಯವನೊಬ್ಬ ನಗು ತಡೆಯೋಕೆ ಚಾಕಲೇಟ್ ಶೆಲ್ಫನ್ನೇ ನೋಡುತ್ತಾ ನಿಂತಿದ್ದ.

ಪೇಪರು ಕೊಟ್ಟೆ. ಹೆಡ್‌ಲೈನಿನ ಮೇಲೆ ಅಂಗೈ ಮುಚ್ಚಿಟ್ಟುಕೊಂಡು ಮೊದಲ ಸಾಲಿನಿಂದ ಓದತೊಡಗಿದರು, ತುಟಿ ಆಡಿಸುತ್ತಾ, ನಿಧಾನವಾಗಿ. ಅಲ್ಲಿ ಅವರ ಟೀಮು ಇನ್ನೂ ಮುಂದಿತ್ತು. ಗೋಲಿನ ಪ್ಯಾರಾ ಬಂದಾಗ ‘ಆಯ್’ ಅಂದರು, ಆ ಕಡೆಯವರ ‘ಹೂಂ’ ಅದು. ಕೊನೆಯ ಸಾಲುಗಳಿಗೆ ಬರುವ ಮೊದಲೇ ಹಾಳೆ ತಿರುವಿಬಿಟ್ಟರು.

ಒಳಪುಟದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹುಡುಗರ ಲೀಗಿನ ಹಿಂದಿನ ವಾರದ ಫಲಿತಾಂಶ. ಮೊಮ್ಮಗನ ಟೀಮು ಗೆದ್ದಿತ್ತು. ಡ್ರಾಯರಿನಿಂದ ಕತ್ತರಿ ತೆಗೆಸಿ, ಆ ಒಂದು ಸಾಲನ್ನು ಜೋಪಾನವಾಗಿ ಕತ್ತರಿಸಿಕೊಂಡು ಕನ್ನಡಕದ ಡಬ್ಬಿಯೊಳಗೆ ಇಟ್ಟರು. ಉಳಿದ ಪೇಪರನ್ನು ಟೇಬಲ್ ಮೇಲೆ ಹರಡಿ, ರಾತ್ರಿಯ ಅಡುಗೆಗೆ ಆಲೂಗಡ್ಡೆ ಸಿಪ್ಪೆ ತೆಗೆಯೋಕೆ ಕೂತರು.