ಎಲ್ಲಾ ಕ್ಲಿಯರ್ ಇದೆ ಸಾರ್

ಬೆಂಗಳೂರಿನಲ್ಲಿ ಸೈಟೋ ಫ್ಲಾಟೋ ಕೊಳ್ಳಲು ಹೊರಟವರಿಗೆ ಮೊದಲು ಸಿಗುವುದು ಬ್ರೋಕರ್ ಬಾಯಿಂದ ಬರುವ ಒಂದು ಮಾತು: "ಡಾಕ್ಯುಮೆಂಟ್ಸ್ ಎಲ್ಲಾ ಕ್ಲಿಯರ್ ಇದೆ ಸಾರ್, ಬ್ಯಾಂಕ್ ಲೋನೇ ಆಗುತ್ತೆ." ಈ ಮಾತಿಗೆ ಸ್ಟಾಂಪ್ ಡ್ಯೂಟಿ ಇಲ್ಲ, ಸಾಕ್ಷಿ ಬೇಕಿಲ್ಲ, ಹೆಬ್ಬೆಟ್ಟೂ ಒತ್ತಬೇಕಿಲ್ಲ. ಇಡೀ ವ್ಯವಹಾರದಲ್ಲಿ ಒಬ್ಬರು ಖಡಾಖಂಡಿತವಾಗಿ ಮಾತಾಡುವುದು ಇದೊಂದೇ ಸಲ. ಮುಂದೆ ಬರುವವರೆಲ್ಲ ಓದಿದವರು, ಅವರು ಷರತ್ತಿಲ್ಲದೆ ಬಾಯಿ ಬಿಡುವುದಿಲ್ಲ.

ಸಾಲಕ್ಕೆ ಅರ್ಜಿ ಹಾಕಿದವರೆಲ್ಲ ಕೇಳುವ ಮೊದಲ ಪ್ರಶ್ನೆ, ಬ್ಯಾಂಕಿನ ವಕೀಲರು ಪತ್ರಗಳನ್ನೆಲ್ಲ ನೋಡುತ್ತಾರಲ್ಲ, ನಾನು ಬೇರೆ ವಕೀಲರನ್ನು ಹಿಡಿಯಬೇಕೆ ಎಂಬುದು. ಬ್ಯಾಂಕು ತನ್ನ ಪಟ್ಟಿಯಲ್ಲಿ ಇಟ್ಟುಕೊಂಡ ಈ ಪ್ಯಾನೆಲ್ ವಕೀಲರ ಫೀಸು ಕಟ್ಟುವವರು ನೀವು. ಅವರು ಓದುವುದು ನೀವು ಕೊಳ್ಳಲಿರುವ ಜಾಗದ ಪತ್ರ, ಅದನ್ನು ಜೆರಾಕ್ಸ್ ಮಾಡಿಸಿ ಒಯ್ದು ಕೊಟ್ಟವರೂ ನೀವೇ. ಆದರೆ ಅವರ ಕಕ್ಷಿದಾರ ಬ್ಯಾಂಕು. ವರದಿ ಬ್ಯಾಂಕಿಗೆ ಹೋಗುತ್ತದೆ. ನನಗೂ ಒಂದು ಪ್ರತಿ ಕೊಡಿ ಎಂದು ಕೇಳಿ ನೋಡಿ, ಪಕ್ಕದ ಮನೆಯವರ ಲಾಕರ್ ಕೀ ಕೇಳಿದ ಹಾಗೆ ಮ್ಯಾನೇಜರ್ ನಿಮ್ಮನ್ನು ನೋಡುತ್ತಾರೆ. "ಅದು ಇಂಟರ್ನಲ್ ಸರ್." ಸರಿ, ನಮ್ಮದೇ ವಕೀಲರು ಇರಲಿ ಎಂದು ಇನ್ನೊಂದು ಫೀಸು ಕಟ್ಟಿ ಒಬ್ಬರ ಬಳಿ ಹೋದರೆ, ಅವರು ಕನ್ನಡಕ ಹಾಕಿಕೊಳ್ಳುವ ಮೊದಲೇ ಕೇಳುತ್ತಾರೆ: "ಬ್ಯಾಂಕಿನವರದು ಲೀಗಲ್ ಆಯ್ತಾ? ಹಾಗಾದ್ರೆ ಯೋಚನೆ ಬಿಡಿ." ಬ್ಯಾಂಕಿಗೆ ಹೋದರೆ ಅಲ್ಲಿ, "ನಿಮ್ಮ ವಕೀಲರಿಗೆ ತೋರಿಸಿದ್ದೀರಲ್ವಾ? ಹಾಗಾದ್ರೆ ಯೋಚನೆ ಬಿಡಿ." ಎರಡು ಫೀಸು ಕೊಟ್ಟು ನೀವು ಸಂಪಾದಿಸಿದ್ದು ಎರಡು ಸಲ ಯೋಚನೆ ಬಿಡುವ ಅವಕಾಶ.

ಅಕಸ್ಮಾತ್ ಆ ವರದಿ ನಿಮ್ಮ ಕಣ್ಣಿಗೆ ಬಿದ್ದರೆ, ಅದರ ಶೈಲಿಯನ್ನು ಗಮನಿಸಬೇಕು. "ನನಗೆ ಒದಗಿಸಲಾದ ನಕಲು ಪ್ರತಿಗಳನ್ನು ಪರಿಶೀಲಿಸಿದ್ದು, ಸದರಿ ಸ್ವತ್ತಿನ ಹಕ್ಕು ಸ್ಪಷ್ಟವೂ ಮಾರಾಟಯೋಗ್ಯವೂ ಆಗಿರುತ್ತದೆ, ಈ ಕೆಳಕಂಡ ದಾಖಲೆಗಳನ್ನು ಹಾಜರುಪಡಿಸಿದಲ್ಲಿ." ಕೆಳಕಂಡ ದಾಖಲೆಗಳು ಮುಂದಿನ ಎರಡು ಪುಟ. ಅದೆಲ್ಲ ನಿಮ್ಮಲ್ಲಿ ಇದ್ದಿದ್ದರೆ ಹಕ್ಕು ಸ್ಪಷ್ಟವೆಂದು ಹೇಳಲು ವಕೀಲರೇ ಬೇಕಿರಲಿಲ್ಲ, ಬಸ್ ಕಂಡಕ್ಟರೂ ಹೇಳುತ್ತಿದ್ದರು.

ಅಭಿಪ್ರಾಯ ತಪ್ಪಾದರೆ? ಗೃಹಸಾಲದ ಪ್ರಕರಣವೊಂದರಲ್ಲಿ ಬ್ಯಾಂಕಿನ ಪ್ಯಾನೆಲ್ ವಕೀಲರ ಮೇಲೆ ಸಿಬಿಐ ಹೂಡಿದ್ದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಸಂಚಿನಲ್ಲಿ ಕೈಜೋಡಿಸಿದ್ದಕ್ಕೆ ಪುರಾವೆ ಇಲ್ಲದೆ, ಕೊಟ್ಟ ಅಭಿಪ್ರಾಯ ಸರಿಹೋಗಲಿಲ್ಲ ಎಂಬ ಕಾರಣಕ್ಕೇ ಕ್ರಿಮಿನಲ್ ಹೊಣೆ ಹೊರಿಸಲಾಗದು ಎಂದು ನ್ಯಾಯಾಲಯ 2012ರಲ್ಲಿ ಹೇಳಿತು. 2024ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ಎರಡಕ್ಕೂ ತಕ್ಕ ಕಾರಣಗಳಿವೆ, ಅವನ್ನು ವಿವರಿಸಲು ವಕೀಲರೇ ಬೇಕು. ನಮ್ಮ ಮಟ್ಟಿಗೆ ತಿಳಿದದ್ದಿಷ್ಟು: ಮಿಕ್ಸಿ ಜಾರ್ ಸೋರಿದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು, ಮನೆಯ ಹಕ್ಕು ಸೋರಿದರೆ ಸಿವಿಲ್ ಕೋರ್ಟಿಗೆ ಹೋಗಿ ಮೊಮ್ಮಕ್ಕಳ ಹೆಸರನ್ನೂ ಈಗಲೇ ಸೇರಿಸಿಬಿಡುವುದು ಒಳ್ಳೆಯದು.

ಈಗ ಆ ಎರಡು ಪುಟಕ್ಕೆ ಬರೋಣ. ಮೂವತ್ತು ವರ್ಷದ ಇಸಿ ಅಂದರೆ ಋಣಭಾರ ಪತ್ರ, ಮೂಲ ಪತ್ರ, ಪಹಣಿ, ಹೆಸರು ಬದಲಾದ ಮ್ಯುಟೇಷನ್, ಹೊಲ ಸೈಟಾಗಲು ಬೇಕಾದ ಕನ್ವರ್ಷನ್ ಆದೇಶ, ಕೊನೆಗೆ ವಂಶವೃಕ್ಷ. ನಿಮ್ಮ ಮುತ್ತಜ್ಜನ ಹೆಸರು ನಿಮಗೆ ಗೊತ್ತಿರಬೇಕಿಲ್ಲ. ಆದರೆ ಲೇಔಟ್ ಆಗುವ ಮುಂಚೆ ಅಲ್ಲಿ ರಾಗಿ ಬೆಳೆಯುತ್ತಿದ್ದ ಇಂಥವರು ಉರುಫ್ ಇಂಥವರು ಬಿನ್ ಲೇಟ್ ಇಂಥವರಿಗೆ ಎಷ್ಟು ಹೆಂಡಿರು, ಕಿರಿಯಳ ಎರಡನೇ ಮಗ ತೀರಿಕೊಂಡಿದ್ದು ಯಾವ ಇಸವಿ, ಮರಣ ಪತ್ರ ಎಲ್ಲಿ ಎಂಬುದನ್ನು ನೀವು ಬಾಯಿಪಾಠ ಒಪ್ಪಿಸಬೇಕು. ಹಳೆಯ ಕ್ರಯಪತ್ರದ ಚಕ್ಕುಬಂದಿಯಲ್ಲಿ "ಉತ್ತರಕ್ಕೆ ಹುಣಸೆಮರ" ಎಂದಿದ್ದರೆ ಇನ್ನೊಂದು ತರಲೆ. ಅಲ್ಲೀಗ ಮೆಟ್ರೊ ಕಂಬ ನಿಂತಿದೆ. ಮರವೇ ಕಂಬವಾಯಿತೆಂದು ಯಾರಿಂದ ಅಫಿಡವಿಟ್ ಮಾಡಿಸುತ್ತೀರಿ?

ವಂಶವೃಕ್ಷದಲ್ಲಿ ಹೆಣ್ಣುಮಕ್ಕಳು ಕಾಣಿಸಿಕೊಳ್ಳುವ ಕಾಲವೂ ಸ್ವಾರಸ್ಯಕರ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರ ತಿದ್ದುಪಡಿ ಬಂದು, 2020ರಲ್ಲಿ ಸುಪ್ರೀಂ ಕೋರ್ಟು ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು ಖಚಿತಪಡಿಸಿದ ಮೇಲೂ, ಪಾಲು ಹಂಚುವ ದಿನ ನೆನಪಾಗದ ಅಕ್ಕತಂಗಿಯರು ಬ್ಯಾಂಕಿನ ವಕೀಲರು ಸಹಿ ಕೇಳಿದ ದಿನ ತಟ್ಟನೆ ನೆನಪಾಗುತ್ತಾರೆ. ಅಣ್ಣತಮ್ಮಂದಿರು ಕಾರು ಕಳಿಸಿ ಕರೆಸುತ್ತಾರೆ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೈಗಿಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿ, ಬಸ್ ಹತ್ತಿಸಿ ಕಳಿಸುತ್ತಾರೆ.

ಬೆಲೆಯ ವಿಷಯದಲ್ಲಿ ಮಾತ್ರ ಎಲ್ಲ ಸರಳ, ಒಂದೇ ಮನೆಗೆ ಮೂರು ಬೆಲೆ. ನೀವು ಮಾತಾಡಿದ್ದು 80 ಲಕ್ಷ ಎಂದಿಟ್ಟುಕೊಳ್ಳಿ. ಸರ್ಕಾರದ ಮಾರ್ಗಸೂಚಿ ಬೆಲೆ 90 ಲಕ್ಷ. ಬ್ಯಾಂಕು ಕಳಿಸಿದ ವ್ಯಾಲ್ಯುಯರ್ ಬಂದು, ಗೋಡೆಗೆ ಎರಡು ಸಲ ತಟ್ಟಿ, ಮೊಬೈಲಿನಲ್ಲಿ ಫೋಟೊ ಹಿಡಿದು 75 ಲಕ್ಷ ಎನ್ನುತ್ತಾರೆ. ಸರ್ಕಾರ ಯಾವುದು ಹೆಚ್ಚೋ ಅದನ್ನು ಹಿಡಿಯುತ್ತದೆ, ಬ್ಯಾಂಕು ಯಾವುದು ಕಡಿಮೆಯೋ ಅದನ್ನು. 90 ಲಕ್ಷದ ಮೇಲೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ದುಪ್ಪಟ್ಟಾಗಿ ಶೇ 2. ಒಟ್ಟು 6.84 ಲಕ್ಷ. ಸಾಲ 75 ಲಕ್ಷದ ಮೇಲೆ, ರಿಸರ್ವ್ ಬ್ಯಾಂಕಿನ ಮಿತಿಯಂತೆ ಈ ಗಾತ್ರದ ಸಾಲಕ್ಕೆ ಹೆಚ್ಚೆಂದರೆ ಶೇ 80, ಅಂದರೆ 60 ಲಕ್ಷ. ನೋಂದಣಿ ಖರ್ಚು ಮನೆಯ ಬೆಲೆಯಲ್ಲಿ ಸೇರುವುದಿಲ್ಲ. ಕೈಯಿಂದ ಹಾಕಬೇಕಾದ್ದು 26.84 ಲಕ್ಷ. ಬೆಲೆ 50 ಲಕ್ಷ ಮುಟ್ಟಿದರೆ ಅದರಲ್ಲಿ ಶೇ 1ನ್ನು ಮಾರುವವರ ಆದಾಯ ತೆರಿಗೆಯ ಲೆಕ್ಕಕ್ಕೆ ಹಿಡಿದು ಕಟ್ಟುವ ಗುಮಾಸ್ತೆ ಕೆಲಸವೂ ನಿಮಗೇ. ಸಂಬಳವಿಲ್ಲ, ತಡವಾದರೆ ದಂಡವಿದೆ.

ಇಷ್ಟು ಶುಲ್ಕ ತೆಗೆದುಕೊಂಡ ಮೇಲೆ ಸಬ್ ರಿಜಿಸ್ಟ್ರಾರ್ ಹಕ್ಕನ್ನಾದರೂ ನೋಡುತ್ತಾರಲ್ಲವೆ? ನೋಡುವ ಹಾಗಿಲ್ಲ. ತಮಿಳುನಾಡಿನ ನಿಯಮವೊಂದನ್ನು 2025ರ ಏಪ್ರಿಲ್‌ನಲ್ಲಿ ರದ್ದು ಮಾಡುತ್ತಾ ಸುಪ್ರೀಂ ಕೋರ್ಟು, ಮಾರುವವನಿಗೆ ಹಕ್ಕಿದೆಯೇ ಎಂದು ಪರಿಶೀಲಿಸುವುದು 1908ರ ನೋಂದಣಿ ಕಾಯಿದೆಯಡಿ ನೋಂದಣಾಧಿಕಾರಿಯ ಕೆಲಸವಲ್ಲ ಎಂದಿತು. ಅವರು ನೋಡುವುದು ನಿಮ್ಮ ಮುಖ, ಹೆಬ್ಬೆಟ್ಟು, ಚಲನ್. ಅದೇ 2025ರ ನವೆಂಬರ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ನ್ಯಾಯಾಲಯ ಮತ್ತೆ ಬಿಡಿಸಿ ಹೇಳಿತು: ನೋಂದಣಿಯಾದ ಪತ್ರವೇ ಹಕ್ಕಿನ ಖಾತ್ರಿಯಲ್ಲ. ಜೊತೆಗೆ ದಾಖಲೆಯನ್ನು ಯಾರೂ ತಿದ್ದಲಾಗದಂತೆ ಇಡುವ ಬ್ಲಾಕ್‌ಚೈನ್ ತಂತ್ರಜ್ಞಾನ ಬಳಸಬಹುದೇ ಪರಿಶೀಲಿಸಿ ಎಂದೂ ಸಲಹೆ ಕೊಟ್ಟಿತು. ಬರಲಿ, ಸಂತೋಷ. ನಮ್ಮ ನೋಂದಣಿ ಇಲಾಖೆಯ ತಂತ್ರಾಂಶ ಕಾವೇರಿ 2.0 ಮೇಲೆ 2025ರ ಜನವರಿಯಲ್ಲಿ ಸೈಬರ್ ದಾಳಿಯಾದಾಗ, ನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತವರಿಗೆ ದಾಳಿಯ ದಿನ ಯಾವುದು, ಮಾಮೂಲಿ ದಿನ ಯಾವುದು ಎಂದು ಗೊತ್ತಾಗಿರಲಿಲ್ಲ.

ಬಿ ಖಾತಾ, ಅಂದರೆ ಸಕ್ರಮವಲ್ಲದ ಸ್ವತ್ತುಗಳಿಗೆ ಪಾಲಿಕೆ ಇಟ್ಟ ಬೇರೆ ಕಂದಾಯ ಪಟ್ಟಿ, ಅದರ ಬಗ್ಗೆ ಕೇಳುವವರು ಇನ್ನೂ ಮುಗ್ಧರು. ಅಲ್ಲಿ ಮನೆ ಇದೆ, ಕರೆಂಟು ಇದೆ, ನೀರಿದೆ. ವರ್ಷಾವರ್ಷ ಪಾಲಿಕೆ ಕಂದಾಯ ಕಟ್ಟಿಸಿಕೊಳ್ಳುತ್ತದೆ, ಕಟ್ಟಿಸಿಕೊಂಡ ಮಾತ್ರಕ್ಕೆ ಸಕ್ರಮವಾಗಲಿಲ್ಲ ಎಂದೂ ಹೇಳುತ್ತದೆ. ಕ್ರಯವಾದರೆ ಸರ್ಕಾರ ಪೂರ್ತಿ ಶುಲ್ಕ ಪಡೆಯುತ್ತದೆ, ಬಿ ಎಂದು ರಿಯಾಯಿತಿಯಿಲ್ಲ. ಬ್ಯಾಂಕಿಗೆ ಹೋದರೆ ಮಾತ್ರ ಆ ಮನೆ ಇದ್ದಕ್ಕಿದ್ದಂತೆ ಕಣ್ಮರೆ! ತೆರಿಗೆಗೆ ಇದೆ, ಸಾಲಕ್ಕೆ ಇಲ್ಲ. 2025ರ ನವೆಂಬರ್‌ನಲ್ಲಿ ಇದಕ್ಕೂ ದಾರಿ ತೆರೆಯಿತು. ಮಾರ್ಗಸೂಚಿ ಬೆಲೆಯ ಶೇ 5 ಕಟ್ಟಿದರೆ ಬಿ ಹೋಗಿ ಎ ಬರುತ್ತದೆ ಎಂದರು. ನಮ್ಮ ಕಾಲದಲ್ಲಿ ಅಕ್ಷರ ಕಲಿಸಲು ಮೇಷ್ಟ್ರು ಇಷ್ಟು ತೆಗೆದುಕೊಳ್ಳುತ್ತಿರಲಿಲ್ಲ.

ಸಾಲ ತೀರಿದ ಮೇಲೆ ಪತ್ರ ವಾಪಸು ಸಿಗುತ್ತದೆಯೇ ಎಂಬ ಪ್ರಶ್ನೆಗಾದರೂ ನೇರ ಉತ್ತರವಿದೆ. 20 ವರ್ಷ ಬ್ಯಾಂಕಿನ ತಿಜೋರಿಯಲ್ಲಿದ್ದ ಅದೇ ಪತ್ರಗಳನ್ನು ತಂದು ಮನೆ ಮಾರಲು ಹೋದರೆ, ಕೊಳ್ಳುವವರು ಅದೇ ಬ್ಯಾಂಕಿನಲ್ಲಿ ಸಾಲ ಕೇಳಿದರೂ ಲೀಗಲ್ ಮತ್ತೆ ಮೊದಲಿಂದ. ಅದು ಬೇರೆ ಮಾತು. ಆದರೆ ವಾಪಸು ಕೊಡಲು ಗಡುವಿದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರ ಕೊಡಬೇಕು, ತಪ್ಪಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರ ಕಳೆದೇ ಹೋಗಿದ್ದರೆ ಬ್ಯಾಂಕಿಗೆ ಇನ್ನೂ 30 ದಿನ ಸಮಯ, ನಕಲು ತೆಗೆಸುವ ಖರ್ಚೂ ಬ್ಯಾಂಕಿನದೇ, ಆಮೇಲೆ ಮೀಟರು ಓಡತೊಡಗುತ್ತದೆ. ತಿಂಗಳಿಗೆ ಒಂದೂವರೆ ಲಕ್ಷ! ಎರಡು ಬೆಡ್‌ರೂಮಿನ ಆ ಮನೆಯನ್ನು ಯಾರಿಗೆ ಬಾಡಿಗೆಗೆ ಕೊಟ್ಟರೆ ಇಷ್ಟು ಬರುತ್ತದೆ? ಈ ಲೆಕ್ಕವನ್ನೆಲ್ಲ ಹಾಕಿಟ್ಟುಕೊಂಡು, ಕೊನೆಯ ಕಂತು ಕಟ್ಟಿ ದಿನ ಎಣಿಸುತ್ತಿದ್ದ ಮಿತ್ರರೊಬ್ಬರಿಗೆ ಬ್ಯಾಂಕು 28ನೇ ದಿನಕ್ಕೇ ಫೋನ್ ಮಾಡಿ, ಒಂದು ಹಾಳೆಯೂ ಬಿಡದಂತೆ ಎಲ್ಲ ಪತ್ರ ಕೊಟ್ಟುಬಿಟ್ಟಿತು. ಪಾಪ, ಸಿಹಿ ಹಂಚಲೂ ಅವರಿಗೆ ಮನಸ್ಸಾಗಲಿಲ್ಲ.